ದ್ರಾಕ್ಷಿ ಬಿಡಿಸುವವನ ಶಿಳ್ಳೆ

ಹೇಳಲೋ ಬೇಡವೋ? ಕ್ಲೆಮ್‌ನ ತಾಯಿಯ ಮುಂದೆ ಕುಳಿತು ನಾನು ಅದನ್ನೇ ತೂಗುತ್ತಿದ್ದೆ.

ಕ್ಲೆಮ್ ನಮ್ಮ ಪುಟ್ಟ ಯುದ್ಧನೌಕೆಯ ಅಡುಗೆಯವನು. ಹಡಗಿನಲ್ಲಿ ಶಿಳ್ಳೆ ಹಾಕುವುದು ಅಪಶಕುನ. ಅಡುಗೆಯವನು ಮಾತ್ರ ಒಣದ್ರಾಕ್ಷಿಯ ಬೀಜ ಬಿಡಿಸುವಾಗ ಶಿಳ್ಳೆ ಹಾಕುತ್ತಲೇ ಇರಬೇಕು, ಕದ್ದು ತಿನ್ನುತ್ತಿಲ್ಲವೆಂದು ಎಲ್ಲರಿಗೂ ತಿಳಿಯಲಿ ಎಂದು. ಟಿಮೋರ್ ಸಮುದ್ರದಲ್ಲಿ ವೈರಿ ವಿಮಾನಗಳು ನಮ್ಮನ್ನು ಮುಳುಗಿಸಿದ ದಿನ ಅವನು ಕೆಳಗಿನಿಂದ ತೋಪಿನ ಗುಂಡುಗಳನ್ನು ಎತ್ತಿಕೊಡುತ್ತ ಅಲ್ಲೇ ಉಳಿದ, ಹಡಗಿನೊಂದಿಗೇ ಮುಳುಗಿದ.

ನಮ್ಮ ಕಡೆ ಬೇಸಿಗೆಯಾದ ಡಿಸೆಂಬರಿನ ಸೆಕೆಯ ಮಧ್ಯಾಹ್ನ. ಫ್ರೀಮ್ಯಾಂಟಲ್ ಬಂದರಿನ ಅವರ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಅಡುಗೆಮನೆಯಿಂದ ಶಿಳ್ಳೆ ಕೇಳಿಸಿತು, ನಡುವೆ ನಿಂತಿತು.

“ಏಯ್ ಕಳ್ಳಾ, ಪುಡ್ಡಿಂಗಿಗೆ ಒಂದಿಷ್ಟು ಉಳಿಸೋ!” ಎಂದು ಆಕೆ ಕೂಗಿದರು. ಶಿಳ್ಳೆ ಮತ್ತೆ ಶುರುವಾಯಿತು.

ಒಳಗೆ ಹೋದೆವು. ಯಾರೂ ಇರಲಿಲ್ಲ. ಆಕೆ ಅರ್ಧಕ್ಕೇ ಬಿಟ್ಟು ಬಂದಿದ್ದ ದ್ರಾಕ್ಷಿಯನ್ನೆಲ್ಲ ಬಿಡಿಸಿ ಆಗಿತ್ತು. ಬಟ್ಟಲು ಮಂಜಿನಂತೆ ತಣ್ಣಗಿತ್ತು, ತಳದಲ್ಲಿ ನೀರು. ಆಕೆ ಬೆರಳದ್ದಿ ನೆಕ್ಕಿದರು.

“ಉಪ್ಪು. ಇವನ ಕೈಯೇ ಹೀಗೆ,” ಎಂದು ನಕ್ಕು, ನನ್ನತ್ತ ತಿರುಗದೆ ಕೇಳಿದರು: “ರೆಜ್, ನಿಜ ಹೇಳಪ್ಪ. ನನ್ನ ಮಗ ಕೊನೇಲಿ ಹೆದರಿದ್ನಾ?”

“ಇಲ್ಲಮ್ಮ.”

ಕೆಳಗೆಲ್ಲ ನೀರು ತುಂಬಿ, ಗುಂಡು ಬರುವುದು ನಿಂತ ಮೇಲೂ ಅದೇ ಶಿಳ್ಳೆ ಮೇಲಕ್ಕೆ ಕೇಳಿಸುತ್ತಿತ್ತೆಂದು ನಾನು ಆಕೆಗೆ ಎಂದೂ ಹೇಳಲಿಲ್ಲ.