ಕನ್ನಡಿಗೆ ಕಟ್ಟಿದ ಸುರುಳಿ

ಏರಿನ ಅರ್ಧಕ್ಕೆ ಬರುವಷ್ಟರಲ್ಲಿ ಹೀಟ್ ಮುಳ್ಳು ಕೆಂಪು ಗೆರೆ ಮುಟ್ಟಿತು. ಬಾನೆಟ್ಟಿನ ಸಂದಿಯಿಂದ ಹಬೆ ಬುಸ್ಸೆಂದು ಎದ್ದು ಮುಂದಿನ ಗಾಜನ್ನೇ ಮುಚ್ಚಿತು. ಅವಳು ಲಾರಿಯನ್ನು ರಸ್ತೆಯ ಅಂಚಿಗೆ ಒತ್ತಿ ನಿಲ್ಲಿಸಿದಳು, ಎಂಜಿನ್ ಆರಿಸಿದಳು, ಇಳಿದು ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟಳು.

ಆಮೇಲೆ ಮಾಡಿದ ಮೊದಲ ಕೆಲಸ ಮಾತ್ರ ಯಾವ ಡ್ರೈವರೂ ಮಾಡುವಂಥದ್ದಲ್ಲ. ಮತ್ತೆ ಕ್ಯಾಬಿನ್ನಿಗೆ ಹತ್ತಿ, ಕನ್ನಡಿಗೆ ಕೆಂಪು ರಿಬ್ಬನ್ನಿನಲ್ಲಿ ಕಟ್ಟಿದ್ದ ತಂತಿಯ ಸುರುಳಿಯನ್ನು ಬಿಚ್ಚಿ ಸೀಟಿನ ಕೆಳಗೆ ತುರುಕಿದಳು. ಕಾರಣ ಏರಿನ ಬುಡದಲ್ಲಿತ್ತು: ಲಾರಿ ರಿಪೇರಿ ಮಾಡುವ ಮೇಸ್ತ್ರಿಯ ಶೆಡ್ಡು. ಹೋದ ತಿಂಗಳು ಅವನ ಶೆಡ್ಡಿನ ನೆಲದ ಮೇಲೆ ಬಿದ್ದಿದ್ದ ಆ ಸುರುಳಿಯನ್ನು ಅವಳು ಹೇಳದೆ ಕೇಳದೆ ಎತ್ತಿಕೊಂಡು ಬಂದಿದ್ದಳು.

ಅಪ್ಪನ ಕಾಲದ ಲಾರಿ. ಅಪ್ಪನ ಮೊಣಕಾಲು ಕೈಕೊಟ್ಟ ಮೇಲೆ ಸ್ಟೇರಿಂಗ್ ಅವಳ ಪಾಲಿಗೆ ಬಂತು. ಗಾಡಿಯಲ್ಲಿ ಅರ್ಧ ಪಾಲು ಚಿಕ್ಕಪ್ಪನದು. ಈಚೆಗೆ ಎರಡು ಸಲ ಕುದ್ದು ನಿಂತದ್ದಕ್ಕೆ ಚಿಕ್ಕಪ್ಪ ಕಡ್ಡಿ ಮುರಿದಂತೆ ಹೇಳಿದ್ದ: ಇವತ್ತು ಈ ಏರು ಹತ್ತದಿದ್ದರೆ ಗಾಡಿ ಗುಜರಿಗೆ. ಗುಜರಿಯವನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಏರಿನ ತುದಿಯಲ್ಲಿ ಕಾಯುತ್ತಲೂ ಇದ್ದ.

ಗಾಡಿ ಹೋದರೆ ಅವಳ ದಾರಿಯೂ ಹೋಯಿತು. ಆ ದಾರಿ ದಿನಾ ಹಾದುಹೋಗುವ ಶೆಡ್ಡೂ ಹೋಯಿತು.

ಬಾನೆಟ್ ಎತ್ತಿ, ಬಟ್ಟೆ ಸುತ್ತಿದ ಕೈಯನ್ನು ರೇಡಿಯೇಟರ್ ಮುಚ್ಚಳದ ಮೇಲಿಟ್ಟಳು.

“ಓನರಮ್ಮ! ಮುಟ್ಟಬೇಡಿ ಅದನ್ನ!”

ಮೇಸ್ತ್ರಿ ಏರನ್ನು ಓಡಿಕೊಂಡೇ ಹತ್ತಿ ಬಂದಿದ್ದ, ಒಂದು ಕೈಯಲ್ಲಿ ಟೂಲ್ ಡಬ್ಬಿ, ಇನ್ನೊಂದರಲ್ಲಿ ನೀರಿನ ಕ್ಯಾನು. ಕ್ಯಾನು ಕೆಳಗೆ ಹಾಕಿ ಅವಳ ಮಣಿಕಟ್ಟು ಹಿಡಿದೆಳೆದ.

“ಬಿಸಿ ಇರುವಾಗ ತೆಗೆದ್ರೆ ನೀರು ಮುಖಕ್ಕೇ ಹಾರುತ್ತೆ. ಈ ಮುಖಕ್ಕೆ ಸ್ಪೇರ್ ಸಿಗಲ್ಲ.”

“ಬೇರೆ ಮುಖಗಳಿಗೆ ಸ್ಪೇರ್ ಇಟ್ಟಿದ್ದೀರಾ ಮೇಸ್ತ್ರಿಗಳೇ?”

“ಬೇರೆ ಮುಖ ನಾನು ಅಷ್ಟಾಗಿ ನೋಡಿಲ್ಲ.”

ಅಂದವನಿಗೆ ತಾನೇನಂದೆ ಎಂಬುದು ತಡವಾಗಿ ಹೊಳೆಯಿತು. ಕಿವಿ ಕೆಂಪಾಯಿತು. ಹಿಡಿದ ಕೈ ಬಿಡುವುದು ಇನ್ನೂ ತಡವಾಯಿತು.

“ನಾನಿನ್ನೂ ಫೋನೇ ಮಾಡಿಲ್ಲ. ಹೇಗೆ ಗೊತ್ತಾಯ್ತು?”

“ನಿಮ್ಮ ಗಾಡಿ ಏರಿನ ತುದಿ ಮುಟ್ಟೋವರೆಗೂ ಸದ್ದು ಶೆಡ್ಡಿಗೆ ಕೇಳುತ್ತೆ. ಇವತ್ತು ಅರ್ಧಕ್ಕೇ ನಿಂತುಹೋಯ್ತು.”

ಅಂದರೆ ದಿನವೂ ಕೇಳಿಸಿಕೊಳ್ಳುತ್ತಾನೆ. ಅವಳು ಗಾಳಿಗೆ ಹಾರದ ಕೂದಲನ್ನು ಸರಿಮಾಡಿಕೊಂಡಳು.

ಅಷ್ಟರಲ್ಲಿ ಚಿಕ್ಕಪ್ಪನ ಫೋನು. “ಎಲ್ಲಿದ್ದೀಯೇ?”

“ಅರ್ಧ ಏರಲ್ಲಿ, ಚಿಕ್ಕಪ್ಪ. ಗಾಡಿ ಸ್ವಲ್ಪ ಉಸಿರು ತಗೊಳ್ತಿದೆ.”

“ಕೊನೇ ಉಸಿರಾ? ಕತ್ತಲೆ ಆಗೋದರೊಳಗೆ ಮೇಲೆ ಬಾ. ಇಲ್ಲಾಂದ್ರೆ ಇವನನ್ನ ಅಲ್ಲಿಗೇ ಕರ್ಕೊಂಡು ಬರ್ತೀನಿ.”

“ಯಜಮಾನ್ರು ಬಿಸಿಯಾಗಿದ್ದಾರೆ,” ಎಂದ ಮೇಸ್ತ್ರಿ. “ಗಾಡಿ ಮೊದಲು ತಣ್ಣಗಾಗಲಿ.”

ತಣ್ಣಗಾದ ಮೇಲೆ ಮುಚ್ಚಳ ತೆಗೆದ. ನೀರಿನ ಮೇಲೆ ಎಣ್ಣೆಯ ಪೊರೆಯಿಲ್ಲ. ಆಯಿಲ್ ಕಡ್ಡಿ ಎಳೆದು ನೋಡಿದ. ಆಯಿಲ್ಲಿಗೂ ನೀರು ಸೇರಿಲ್ಲ. ಕಡಿಮೆಯಾಗಿದ್ದ ನೀರು ತುಂಬಿ ಸ್ಟಾರ್ಟ್ ಮಾಡಿಸಿದರೆ ಗುಳ್ಳೆಗಳೂ ಏಳಲಿಲ್ಲ. ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ನೇ ಮುಗಿಯಿತು ಎಂಬ ಚಿಕ್ಕಪ್ಪನ ವಾದ ಅಲ್ಲಿಗೆ ಬಿತ್ತು. ಫ್ಯಾನ್ ಬೆಲ್ಟ್ ಬಿಗಿಯಾಗಿತ್ತು. ಹೀಟ್ ಮುಳ್ಳು ನಡುವೆಯೇ ಅಲ್ಲಾಡದೆ ನಿಂತಿತ್ತು.

“ಸುಮ್ಮನೆ ನಿಂತ್ರೆ ಸರಿ ಇರುತ್ತೆ. ಜೋರು ಮಾಡಿದ್ರೆ ಏನಾಗುತ್ತೋ ನೋಡೋಣ. ನಾನು ಹತ್ತಿ ಆಕ್ಸಿಲರೇಟರ್ ಒತ್ತಲಾ?”

“ಬೇಡ!” ಅವಳು ಬಾಗಿಲಿಗೆ ಅಡ್ಡ ನಿಂತಳು. “ನಾನೇ ಒತ್ತುತೀನಿ.”

ಅವನು ವಿಚಿತ್ರವಾಗಿ ನೋಡಿ ಬಾನೆಟ್ಟಿನೊಳಗೆ ಬಗ್ಗಿದ. ಅವಳು ಒತ್ತಿದಳು. ಎಂಜಿನ್ ಗುಡುಗಿತು.

“ಸಿಕ್ತು! ಬಿಡಿ! ಮತ್ತೆ ಒತ್ತಿ!” ಅವನ ದನಿ ಕುಣಿಯುತ್ತಿತ್ತು. “ಓನರಮ್ಮ, ಎಂಜಿನ್ ಆರಿಸಿ ಇಳಿದು ಬನ್ನಿ!”

ರೇಡಿಯೇಟರಿನ ಕೆಳಗಿನ ದಪ್ಪ ರಬ್ಬರ್ ಪೈಪನ್ನು ತೋರಿಸಿದ. “ಎಂಜಿನ್ ಜೋರಾದಾಗ ಪಂಪು ನೀರನ್ನ ಎಳೆಯುತ್ತೆ. ಆ ಎಳೆತಕ್ಕೆ ಈ ಪೈಪು ಚಪ್ಪಟೆಯಾಗಿ ಬಾಯಿ ಮುಚ್ಕೊಳ್ತಿದೆ. ಒಳಗೊಂದು ತಂತಿ ಸುರುಳಿ ಇರಬೇಕಿತ್ತು, ಪೈಪು ಕುಸಿಯದ ಹಾಗೆ.” ದನಿ ತಗ್ಗಿತು. “ಹೋದ ತಿಂಗಳು ಈ ಪೈಪು ಬದಲಾಯಿಸಿದ್ದು ನಾನೇ. ಹಳೇ ಪೈಪಿನಿಂದ ಸುರುಳಿ ತೆಗೆದು ಕೆಳಗಿಟ್ಟೆ. ಹಾಕೋದನ್ನ ಮರೆತುಬಿಟ್ಟೆ.”

“ನೀವು? ಮರೆಯೋದಾ?”

“ಅವತ್ತು ನೀವು ಬಾಗಿಲಿಗೆ ಒರಗಿಕೊಂಡು ಏನೋ ಹೇಳಿ ನಗ್ತಾ ಇದ್ರಿ. ಹೆಂಗಪ್ಪಾ ನೆನಪಿರುತ್ತೆ?” ತಲೆ ತುರಿಸಿಕೊಂಡ. “ಸುರುಳಿ ಎಲ್ಲಿ ಹೋಯ್ತೋ ಗೊತ್ತಿಲ್ಲ. ಈ ಅಳತೆದು ತರಿಸೋಕೆ ಎರಡು ದಿನ ಬೇಕು.”

ಸುರುಳಿ ಇದ್ದದ್ದು ಅವಳ ಸೀಟಿನ ಕೆಳಗೆ. ಕೊಟ್ಟರೆ ಗಾಡಿ ಉಳಿಯುತ್ತದೆ, ಮಾನ ಹೋಗುತ್ತದೆ. ಕೊಡದಿದ್ದರೆ ಗುಜರಿಯವನು ಬರುತ್ತಾನೆ.

ಕ್ಯಾಬಿನ್ನಿಗೆ ಹತ್ತಿದಳು. ಇಳಿದು ಬಂದು ಕೈ ಚಾಚಿದಳು, ಮುಖ ಮಾತ್ರ ರಸ್ತೆಯ ಕಡೆಗೆ.

ಅವನು ಸುರುಳಿಯನ್ನು ನೋಡಿದ. ಹೊಳಪನ್ನು ನೋಡಿದ. ಕೆಂಪು ರಿಬ್ಬನ್ನನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಿದ.

“ಬೇಡದ ಸಾಮಾನು ಅಂದ್ಕೊಂಡೆ,” ಎಂದಳು.

“ಬೇಡದ ಸಾಮಾನನ್ನ ಯಾರಾದ್ರೂ ಹೀಗೆ ಉಜ್ಜುತ್ತಾರಾ?”

“ಗ್ರೀಸ್ ಇತ್ತು.”

“ರಿಬ್ಬನ್ನು?”

“ಕನ್ನಡಿಗೆ ಕಟ್ಟೋಕೆ.”

“ಕನ್ನಡಿಗೆ ಯಾಕೆ?”

“ಪೊಲೀಸರ ಥರ ಕೇಳ್ತೀರಲ್ಲ! ದೂರದ ದಾರಿ, ಕ್ಯಾಬಿನ್ನಲ್ಲಿ ಒಬ್ಬಳೇ. ಅದು ಅಲ್ಲಾಡ್ತಾ ಇದ್ರೆ… ನೀವು ಎದುರಿಗೆ ಕೂತ ಹಾಗಿರುತ್ತೆ. ಸಾಕಾ?”

ಅವನು ರಿಬ್ಬನ್ನಿನ ಗಂಟನ್ನು ನಿಧಾನವಾಗಿ ಬಿಚ್ಚಿ, ಮಡಚಿ, ಶರ್ಟಿನ ಎದೆಯ ಜೇಬಿಗೆ ಸೇರಿಸಿದ.

“ರಿಬ್ಬನ್ನು ಪೈಪಿನೊಳಗೆ ಹೋಗೋ ಹಾಗಿಲ್ಲ,” ಎಂದ. “ಇನ್ಮೇಲೆ ಎದುರಿಗೆ ಸುರುಳಿ ಇರಲ್ಲ. ಪಕ್ಕದಲ್ಲಿ ನಾನೇ ಕೂತ್ಕೊಂಡ್ರೆ ಆಗುತ್ತಾ?”

“ಎಲ್ಲೀವರೆಗೆ?”

“ಗಾಡಿ ಓಡೋವರೆಗೆ.”

“ಈ ಗಾಡಿ ತುಂಬಾ ವರ್ಷ ಓಡುತ್ತೆ.”

“ಅದಕ್ಕೇ ಕೇಳಿದ್ದು.”

ಕ್ಲಿಪ್ಪು ಸಡಿಲಿಸಿ, ಸುರುಳಿ ತೂರಿಸಿ, ಬಿಗಿದು, ನೀರು ತುಂಬಿದರು. ಅವಳ ಕೈಗೂ ಮಸಿ, ಅವನ ಕೆನ್ನೆಗೂ ಮಸಿ. ಕಲ್ಲು ತೆಗೆದು ಹೊರಟಾಗ ಇಬ್ಬರ ಕಣ್ಣೂ ಮುಳ್ಳಿನ ಮೇಲೆ. ತಿರುವು ಕಳೆಯಿತು. ಕಡಿದಾದ ಜಾಗ ಬಂತು. ಎಂಜಿನ್ ಗುಡುಗಿತು. ಮುಳ್ಳು ನಡುವೆಯೇ ಇತ್ತು. ಅವಳು ಸುಮ್ಮಸುಮ್ಮನೆ ಉದ್ದಕ್ಕೆ ಹಾರ್ನ್ ಒತ್ತಿದಳು.

ತುದಿಯಲ್ಲಿ ಗುಜರಿಯವನು ಟೈರಿಗೊಂದು ಒದೆ ಕೊಟ್ಟು ಪೆಚ್ಚಾಗಿ ನಿಂತ. ಚಿಕ್ಕಪ್ಪ ಮುಳ್ಳನ್ನು ಬಗ್ಗಿ ನೋಡಿ, ಹುಬ್ಬೇರಿಸಿದ.

“ಏನಾಗಿತ್ತೋ ಮೇಸ್ತ್ರಿ?”

“ಒಂದು ಸಾಮಾನು ಕಳುವಾಗಿತ್ತು.”

“ಕಳ್ಳ ಸಿಕ್ಕಿದ್ನಾ?”

“ಸಿಕ್ಕಿದ್ದಾಯ್ತು, ಚಿಕ್ಕಪ್ಪ.”

ಚಿಕ್ಕಪ್ಪ ಅವನ ಕೆನ್ನೆಯ ಮಸಿ ನೋಡಿದ, ಅವಳ ಕೈಯ ಮಸಿ ನೋಡಿದ. “ನಿನ್ನೆವರೆಗೂ ಯಜಮಾನ್ರೇ ಅಂತಿದ್ದೆ. ನಾನು ನಿನಗೆ ಯಾವಾಗಿನಿಂದ ಚಿಕ್ಕಪ್ಪ ಆದೆ?”

ಮೇಸ್ತ್ರಿ ಕೆನ್ನೆ ಒರೆಸಿಕೊಂಡ, ಮಸಿ ಇನ್ನಷ್ಟು ಹರಡಿತು. ಉತ್ತರ ಸ್ಟೇರಿಂಗ್ ಹಿಂದಿನಿಂದ ಬಂತು.

“ಅರ್ಧ ಏರಿನಿಂದ, ಚಿಕ್ಕಪ್ಪ.”