ಡಬ್ಬಿಯ ಮೇಲಿನ ಕರಿ ಉಣ್ಣೆಯ ಗಂಟು

"ಇದನ್ನ ನೀನೇ ಬಿಚ್ಚು ಸಾರಿಕಾ. ನನ್ನ ಕೈಲೆ ಆಗವಲ್ದು."

ಉದಯಕುಮಾರ ಸ್ಟೀಲ್ ಡಬ್ಬಿಯೊಂದನ್ನು ಅವಳ ಮುಂದೆ ಸರಿಸಿದ. ಮುಚ್ಚಳದ ಮೇಲೆ ಕರಿ ಉಣ್ಣೆಯ ದಾರ. ದಾರಕ್ಕೆ ಮೂರು ಸುತ್ತಿನ ಗಂಟು. ಗಂಟಿನ ಮೇಲೆ ಚಿಟಿಕೆಯಷ್ಟು ಭಂಡಾರದ ಅರಿಶಿನ.

ಅಡುಗೆಮನೆಯಲ್ಲಿ ಸಲಾಡಿಗೆ ಹೆಚ್ಚುತ್ತಿದ್ದ ಸಾರಿಕಾ ಗಂಟನ್ನೇ ನೋಡಿದಳು. ಕೈಯಲ್ಲಿದ್ದ ಸೌತೆಕಾಯಿ ಜಾರಿ ಕಟ್ಟೆಯ ಮೇಲೆ ಬಿತ್ತು.

'ಇದು... ಇದು ನಮ್ಮಪ್ಪನ ಗಂಟು!'

ಅವಳ ಅಪ್ಪ ಮಲ್ಲಯ್ಯ ಚಪಳಗಾಂವದ ಕುರಿಗಾರ. ಬುತ್ತಿ ಕಳಿಸುವಾಗ ಮನೆದೇವರು ಬೀರೋಬನ ಭಂಡಾರ ಹಚ್ಚಿ ಹೀಗೆ ಕಟ್ಟುತ್ತಾನೆ. ದಾರಿಯಲ್ಲಿ ಬೇರೆ ಯಾರೂ ಬಿಚ್ಚಬಾರದು, ಅದಕ್ಕೆ. ಬಿಚ್ಚುವ ಬಗೆಯನ್ನು ಮನೆಯವರಿಗೆ ಬಿಟ್ಟು ಯಾರಿಗೂ ಕಲಿಸುವುದಿಲ್ಲ. ಹಾಸ್ಟೆಲಿನಲ್ಲಿದ್ದಾಗ ಪ್ರತಿ ವಾರ ಈ ಗಂಟು ಬಿಚ್ಚಿಯೇ ಅವಳು ರೊಟ್ಟಿ ತಿಂದವಳು.

ಆದರೆ ಸೊಲ್ಲಾಪುರದ ಉದಯನ ಮನೆಯವರ ಪಾಲಿಗೆ ಮಲ್ಲಯ್ಯನೆಂಬ ಕುರಿಗಾರ ಇರಲೇ ಇಲ್ಲ. ಇಲ್ಲಿ ಸಾರಿಕಾಳ ಅಪ್ಪ ಮಂಗಳವೇಢೆಯ ಮಾರ್ಕೆಟ್ ಯಾರ್ಡಿನಲ್ಲಿ ಜೋಳದ ವ್ಯಾಪಾರಿ!

ಆ ಸುಳ್ಳಿಗೆ ಈಗ ಆರು ತಿಂಗಳು. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಉದಯಕುಮಾರನ ಟವೆಲ್ ಕಾರ್ಖಾನೆ. ಅಲ್ಲಿ ಅವಳಿಗೆ ಆಫೀಸಿನ ಕೆಲಸ. ಒಂದು ಸಂಜೆ ಉದಯನ ತಾಯಿ ಕಸ್ತೂರಬಾಯಿ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡಿದ್ದರು. ದಾರಿಗೆ ಕುರಿಹಿಂಡು ಅಡ್ಡ ಬಂತು. "ಏನ್ ವಾಸನಿ ಅಗ ಬಾಈ!" ಎಂದು ಮೂಗಿಗೆ ಸೆರಗು ಹಿಡಿದರು. ಮರುಕ್ಷಣವೇ ಕೇಳಿದರು, "ನಿಮ್ಮಪ್ಪ ಏನ್ ಮಾಡ್ತಾರ?"

ಬಾಯಿಗೆ ಬಂದದ್ದು ಜೋಳ. ಆಡಿದ ಮಾತು, ಒಡೆದ ಮುತ್ತು... ಮತ್ತೆ ಕೂಡಿಸಲು ಬರುತ್ತದೆಯೇ?

ಅಷ್ಟರಲ್ಲಿ ಉದಯನ ಪ್ರೀತಿ ಬಂತು. ಸುಳ್ಳು ಇನ್ನೂ ಆಳಕ್ಕಿಳಿಯಿತು. ಇವತ್ತು ಅವಳನ್ನು ಮೊದಲ ಸಲ ಊಟಕ್ಕೆ ಕರೆದಿದ್ದ. "ಉಂಡ ಮ್ಯಾಲ ಅವ್ವನ ಮುಂದ ನಮ್ಮ ಲಗ್ನದ ಮಾತು ತೆಗಿತೀನಿ" ಎಂದಿದ್ದ. ಟವೆಲ್ ಪ್ರದರ್ಶನಕ್ಕೆ ಗ್ರೀಸಿಗೆ ಹೋದಾಗ ತಿಂದ ಸಲಾಡನ್ನು ಇಬ್ಬರೂ ಸೇರಿ ಮಾಡಬೇಕೆಂಬ ಹಟ ಬೇರೆ.

'ಇವರು ನಮ್ಮೂರಿಗೆ ಹೋಗಿದ್ದಾರೆ! ಅಪ್ಪನನ್ನು ನೋಡಿದ್ದಾರೆ! ಈಗ ತಮ್ಮ ಅವ್ವನ ಮುಂದೆ ನನ್ನ ಮಾನ ಕಳೆಯುತ್ತಾರೆಯೇ?'

"ಟೊಮ್ಯಾಟೊ ಅಷ್ಟು ಸಣ್ಣಗ ಹೆಚ್ಚಬ್ಯಾಡ," ಎಂದ ಉದಯ ಮೆಲ್ಲಗೆ. "ಇದು ಕೋಶಿಂಬೀರ ಅಲ್ಲ. ದೊಡ್ಡ ದೊಡ್ಡ ತುಂಡು ಇರ್ಬೇಕು."

ಸೌತೆಕಾಯಿ, ಉಳ್ಳಾಗಡ್ಡಿ, ದೊಣ್ಣೆ ಮೆಣಸಿನಕಾಯಿ... ಹೇಗೋ ಹೆಚ್ಚಿದಳು. ಅವನ ಮುಖ ನೋಡುವ ಧೈರ್ಯವಾಗಲಿಲ್ಲ.

"ಆತೇನ್ರೋ?" ಕಸ್ತೂರಬಾಯಿ ಅಡುಗೆಮನೆಗೇ ಬಂದುಬಿಟ್ಟರು! ಬಟ್ಟಲಿನಿಂದ ಆಲಿವ್ ಒಂದನ್ನು ಎತ್ತಿ ಹಿಡಿದರು. "ಈ ಕರೀದು ಏನೋ, ಬಾರಿಹಣ್ಣೇನು?"

"ಆಲಿವ್ ಅವ್ವಾ. ಇನ್ನ ಚೀಜ್ ಇಟ್ಟು, ಆಲಿವ್ ಎಣ್ಣಿ ಹಾಕಿದ್ರ ಮುಗೀತು. ಚೀಜ್ ಈ ಡಬ್ಬಿಯೊಳಗದ. ಗಂಟು ಬಿಚ್ಚಾಕ ಬರವಲ್ದು."

"ಅಷ್ಟೇ ಹೌದಲ್ಲೋ? ಕತ್ತರಿ ಹಚ್ಚಿ ಬಿಡು!"

ಅವರೇ ಕತ್ತರಿ ಎತ್ತಿಕೊಂಡು ದಾರಕ್ಕೆ ತಾಗಿಸಿದರು. ಸಾರಿಕಾಳ ಕಣ್ಣ ಮುಂದೆ ತೊಡೆಯ ಮೇಲೆ ಉಣ್ಣೆ ಹೊಸೆಯುವ ಅಪ್ಪನ ಒರಟು ಕೈ ಬಂತು.

"ಕತ್ತರಿಸಬ್ಯಾಡ್ರೀ ಕಾಕೂ!"

ಚೀರಿಯೇ ಬಿಟ್ಟಳು. ಡಬ್ಬಿ ಎಳೆದುಕೊಂಡು, ದಾರದ ಒಂದು ತುದಿ ಒಳಕ್ಕೆ ತಳ್ಳಿ ಇನ್ನೊಂದನ್ನು ಎಳೆದಳು. ಗಂಟು ಸರಕ್ಕನೆ ಬಿಚ್ಚಿಕೊಂಡಿತು.

ಕಸ್ತೂರಬಾಯಿಯ ಹುಬ್ಬು ಮೇಲೇರಿತು. "ನಿನಗ ಹ್ಯಾಂಗ ಬಂತು ಇದು?"

ಉದಯ ಅವ್ವನ ಕೈಯಿಂದ ಕತ್ತರಿ ತೆಗೆದಿಟ್ಟ. ಇನ್ನೊಂದು ಸುಳ್ಳು ಸಾರಿಕಾಳ ನಾಲಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಹೇಳಿದರೆ ಪಾರಾಗಬಹುದು... ಆದರೆ ಅಪ್ಪನ ದಾರ ಕೈಯಲ್ಲಿದೆಯಲ್ಲ!

"ಇದು ನಮ್ಮಪ್ಪ ಕಟ್ಟಿದ ಗಂಟು ಐತ್ರಿ. ನಮ್ಮಪ್ಪ ವ್ಯಾಪಾರಿ ಅಲ್ರಿ... ಚಪಳಗಾಂವದಾಗ ಕುರಿ ಕಾಯ್ತಾನ. ನಾ ನಿಮಗ ಸುಳ್ಳ ಹೇಳೀನ್ರಿ ಕಾಕೂ!"

ಅಳು ಒತ್ತಿ ಬಂತು.

ಕಸ್ತೂರಬಾಯಿ ಡಬ್ಬಿಯ ಉಪ್ಪುನೀರಿನಿಂದ ಬಿಳಿಯ ಗಡ್ಡೆಯನ್ನು ತೆಗೆದು ಇಡಿಯಾಗಿಯೇ ಸಲಾಡಿನ ಮೇಲಿಟ್ಟರು. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು.

"ಉಪ್ಪು ಜರಾ ಜಾಸ್ತಿ ಆಗೇದ," ಎಂದರು. "ಅವತ್ತು ಕಾರಿನಾಗ ನನ್ನ ನಾಲಗಿನೂ ಜಾಸ್ತೀನೇ ಆಗಿತ್ತು. ಆದ್ರ ಹಡದಪ್ಪನ್ನ ಯಾರರ ಮುಚ್ಚಿಡ್ತಾರೇನ ಹುಚ್ಚಿ? ನಾಳೆ ನಿಮ್ಮೂರಿಗಿ ಹೋಗೂನು. ಇವನ ಮನಸ್ಸಿನಾಗ ಏನದ ಅಂತ ನನಗ ಗೊತ್ತದ. ಲಗ್ನದ ಮಾತು ಅವರ ಎದುರಿಗೇ ಆಗ್ಲಿ."

ಅವರು ತಟ್ಟೆ ತರಲು ಹೊರಗೆ ಹೋದರು. ಸಾರಿಕಾ ಕುಸಿದು ಕುಳಿತಳು. ಎಲ್ಲಕ್ಕಿಂತ ದೊಡ್ಡ ಭಯ ಇನ್ನೂ ಬಾಕಿಯಿತ್ತು.

"ಅಪ್ಪಗ... ನಾ ಹೇಳಿದ ಸುಳ್ಳು ಗೊತ್ತಾತೇನ್ರಿ?"

"ಹೂಂ." ಉದಯ ಅವಳ ಪಕ್ಕ ಕುಳಿತ. "ಹೋದ ವಾರ ನಿನ್ನ ಹೆಣ್ಣು ಕೇಳಾಕ ಮಂಗಳವೇಢೆಗಿ ಹೋದೆ. ಯಾರ್ಡಿನಾಗ ಆ ಹೆಸರಿನವ್ರೇ ಇಲ್ಲ! ಆಫೀಸಿನಾಗಿದ್ದ ನಿನ್ನ ಫಾರ್ಮ್ ನೋಡಿ ಚಪಳಗಾಂವಕ್ಕ ಹೋದೆ. ಗ್ರೀಸಿನಾಗ ನಾ ತಿಂದ ಚೀಜೂ ಕುರಿ ಹಾಲಿಂದೇ. ಅದನ್ನ ಕೇಳಿ ನಿಮ್ಮವ್ವ ನಕ್ಕು ನಕ್ಕು ಹಾಲು ಕಾಸಿ ಕೊಟ್ರು. ಅಲ್ಲೇ ಹೆಪ್ಪು ಹಾಕಿದ್ವಿ."

"ಅಪ್ಪ ಏನಂದ?"

"ಬೀಡಿ ಹಚ್ಚಿಕೊಂಡ್ರು. ಆಮ್ಯಾಲ 'ಪೋರಿ ಹೆದರ್ಯಾಳ್ರಿ, ಬೈಬ್ಯಾಡ್ರಿ' ಅಂದ್ರು. ನಾನೇ ನಮ್ಮವ್ವಗ ಹೇಳ್ತೀನಿ ಅಂದ್ರ ಬ್ಯಾಡಂದ್ರು. 'ಅಕಿ ಬಾಯಿಂದ ಬರ್ಲಿ. ಗಂಟು ನೋಡಿದ್ರ ಧೈರ್ಯ ಬರ್ತೈತಿ' ಅಂದ್ರು."

ಸಾರಿಕಾ ದಾರವನ್ನು ಮುಖಕ್ಕೊತ್ತಿಕೊಂಡು ಬಿಕ್ಕಿದಳು. ಕುರಿಯ ವಾಸನೆ. ಮನೆಯ ವಾಸನೆ. ಉದಯ ಅವಳ ಕಣ್ಣೊರೆಸಿದ.

"ಈ ಗಂಟು ಬಿಚ್ಚೂದು ನನಗೂ ಕಲಸ್ತೀಯೇನು?"

"ಮನಿಯವ್ರಿಗಷ್ಟೇ ಕಲಸ್ತೀವ್ರಿ..."

"ಅದಕ್ಕೇ ಕೇಳಾಕತ್ತೀನಿ, ಸಾರಿಕಾ."

ಅವಳು ಡಬ್ಬಿಯ ಮುಚ್ಚಳ ಹಾಕಿ, ಅವನ ಬೆರಳು ಹಿಡಿದು ದಾರದ ಮೇಲಿಟ್ಟಳು.

"ಮದಲ ಕಟ್ಟೂದು ಕಲೀರಿ."