ಕಣಕದಲ್ಲಿ ಬಿದ್ದ ಗುರುತು

೧೯೬೧ರ ಜನವರಿ ೧೭, ಮಂಗಳವಾರ. ಬೆಳಿಗ್ಗೆ ಹತ್ತೂಕಾಲಿಗೆ ಅಕ್ಕಿ ಗಿರಣಿಯ ಮಾಲೀಕ ಉಳಿವೆಪ್ಪ ಹಾನಗಲ್ಲಿನ ಠಾಣೆಗೆ ಬಂದು, ಎಣ್ಣೆ ಮೆತ್ತಿದ ಕಬ್ಬಿಣದ ನಟ್ಟೊಂದನ್ನು ಮೇಜಿನ ಮೇಲಿಟ್ಟ. ಮೂರು ದಿನದ ಹಿಂದಷ್ಟೇ ಪೂರ್ತಿ ಬಿಚ್ಚಿ ದುರಸ್ತಿ ಮಾಡಿಸಿದ್ದ ಗಿರಣಿಯ ಡೀಸೆಲ್ ಎಂಜಿನ್ ಹಿಂದಿನ ಸಂಜೆ ಓಡುತ್ತಿದ್ದಾಗಲೇ ಒಡೆದಿತ್ತು. ಬೆಳಿಗ್ಗೆ, ದುರಸ್ತಿ ಮಾಡಿದ್ದ ಗುದ್ಲೆಪ್ಪ ಮಿಸ್ತ್ರಿಯೇ ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡು ಬಿಚ್ಚಿದಾಗ ಪಿಸ್ಟನ್ನಿನ ನೆತ್ತಿಯ ಮೇಲೆ ಈ ನಟ್ಟು ಸಿಕ್ಕಿತಂತೆ. ಎಂಜಿನ್ ನಡೆಸುವ ಫಕ್ಕೀರಪ್ಪ ರಜೆಗಾಗಿ ಮಾಲೀಕನೊಡನೆ ಜಗಳವಾಡಿದ್ದ. ಗಾಳಿಯ ಕೊಳವೆಯಿಂದ ನಟ್ಟು ಹಾಕಿದವನು ಅವನೇ ಎಂಬುದು ದೂರು.

ಫೌಜದಾರ ಶಂಕ್ರಪ್ಪ ಎಫ್‌ಐಆರ್ ದಾಖಲಿಸಿ, ನಟ್ಟನ್ನು ಜಪ್ತಿ ಮಾಡಿಸಿದ. ಸಂಜೆಯ ಹೊತ್ತಿಗೆ ಫಕ್ಕೀರಪ್ಪನನ್ನು ಕರೆತಂದರು. ಎಂಟು ವರ್ಷ ಗುದ್ಲೆಪ್ಪನ ಕೈಕೆಳಗೆ ಪಳಗಿದವನು. ಅವನು ಕೇಳಿದ್ದು ಒಂದೇ ಮಾತು.

"ಮಿಸ್ತ್ರಿ ಏನಂದ್ರು, ಸಾಹೇಬ್ರ?"

"ನಟ್ಟ ಒಳಗ ಸಿಕ್ಕತಿ ಅಂದಾನ."

"ಹಂಗಾರ ಸಿಕ್ಕಿರಬೇಕ್ರಿ. ಅವ್ರು ಸುಳ್ಳ ಹೇಳೂದಿಲ್ಲ."

ಆ ರಾತ್ರಿ ಊಟದ ಹೊತ್ತಿಗೆ ಫಕ್ಕೀರಪ್ಪನಿಗೆಂದು ಮಿಸ್ತ್ರಿಯ ಮನೆಯಿಂದ ಬುತ್ತಿ ಬಂತು. ಪೇದೆ ಗೋಣೆಪ್ಪ ನಿಯಮದಂತೆ ಗಂಟು ಬಿಚ್ಚಿ ನೋಡಿದ. ರೊಟ್ಟಿಗಳ ಒಂದು ಮೈ ಇದ್ದಿಲು, ಇನ್ನೊಂದು ಮೈ ಹಸಿ.

"ಇನ್ನೆರಡ ಹೊತ್ತು ಇದನ್ನ ತಿನಿಸಿದ್ರ, ಮಾಡದ ತಪ್ಪನೂ ಒಪ್ಪಿಕೊಂತಾನ್ರಿ ಇಂವ," ಎಂದ ಗೋಣೆಪ್ಪ. ಮಿಸ್ತ್ರಿಯ ಹೆಂಡತಿ ಹೊನ್ನವ್ವ ಮಗಳ ಬಾಣಂತನಕ್ಕೆ ಚಿಕ್ಕೇರೂರಿಗೆ ಹೋಗಿ ಹನ್ನೆರಡು ದಿನವಾಗಿದೆ, ಒಲೆ ಮುಂದೆ ಮಿಸ್ತ್ರಿಯೇ ಕೂರುತ್ತಾನೆ ಎಂದೂ ಅವನೇ ಹೇಳಿದ.

ಶಂಕ್ರಪ್ಪ ನಕ್ಕ. ಆಮೇಲೆ ಒಂದು ರೊಟ್ಟಿಯನ್ನು ದೀಪದ ಹತ್ತಿರ ಹಿಡಿದು ನೋಡಿದ. ರೂಢಿಯಿಲ್ಲದ ಗಂಡಸಿನ ರೊಟ್ಟಿ ದಪ್ಪವಾಗುವುದು ಸಹಜ. ಆದರೆ ಹೊತ್ತಿ ಕರಕಾಗುವುದು ಕಣ್ಣಿಗೆ ಕಾಣುವುದಿಲ್ಲವೇ?

ಮರುದಿನ ಎಂಟು ಗಂಟೆಗೆ ಗಿರಣಿಯಲ್ಲಿ ಪಂಚನಾಮೆ. ಪಿಸ್ಟನ್ನಿನ ನೆತ್ತಿಯ ಮೇಲೆ ಅರ್ಧಚಂದ್ರದಂಥ ಎರಡು ತಗ್ಗುಗಳಿದ್ದವು. ಶಂಕ್ರಪ್ಪ ಆರು ಮೂಲೆಯ ನಟ್ಟನ್ನು ತಗ್ಗಿನ ಮೇಲಿಟ್ಟು ನೋಡಿದ. ಹೊಂದಲಿಲ್ಲ. ಹೆಡ್ಡಿನೊಳಗೆ ಮೇಲೆ ಕೆಳಗೆ ಆಡುವ ವಾಲ್ವೊಂದು ಕಾಲು ಬಾಗಿ ಪಕ್ಕದಲ್ಲಿ ಬಿದ್ದಿತ್ತು; ಅದನ್ನು ಎತ್ತಿ ಅದರ ದುಂಡು ತಲೆಯ ಅಂಚನ್ನು ತಗ್ಗಿಗೆ ತಾಗಿಸಿದ. ಒರೆಗೆ ಕತ್ತಿ ಕೂತ ಹಾಗೆ ಕೂತಿತು. ಅಷ್ಟು ರಭಸದಲ್ಲಿ ಜಜ್ಜಿಸಿಕೊಂಡಿರಬೇಕಿದ್ದ ನಟ್ಟಿನ ಮೂಲೆಗಳಿಗೆ ಒಂದು ಗೀರೂ ಬಿದ್ದಿರಲಿಲ್ಲ. ಪಿಸ್ಟನ್ನಿಗೆ ಬಡಿದದ್ದು ವಾಲ್ವೇ. ನಟ್ಟು ಆಮೇಲೆ ಬಂದದ್ದು. ಎಂಜಿನ್ ಒಡೆದ ಮೇಲೆ ಹೆಡ್ಡು ಬಿಚ್ಚಿದವನು ಒಬ್ಬನೇ.

ಹನ್ನೊಂದಕ್ಕೆ ಶಂಕ್ರಪ್ಪ ಮಿಸ್ತ್ರಿಯ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ. ಬೆಳಗಿನ ಬಸ್ಸಿಗೆ ಚಿಕ್ಕೇರೂರಿನಿಂದ ಮರಳಿದ್ದ ಹೊನ್ನವ್ವ ಒಳಬಾಗಿಲಲ್ಲಿ ಗೋದಿ ಹಿಟ್ಟಿನ ಕಣಕ ನಾದುತ್ತಿದ್ದಳು. ವಾಲ್ವು ಪಿಸ್ಟನ್ನಿಗೆ ತಾಗುವುದಿಲ್ಲ ಎಂದು ಮೊದಲೇ ತಿಳಿಯುವುದು ಹೇಗೆ ಎಂದು ಫೌಜದಾರ ಕೇಳಿದ. ಗುದ್ಲೆಪ್ಪ ಸಂತೋಷದಿಂದಲೇ ವಿವರಿಸಿದ. ಎಣ್ಣೆ ಸವರಿದ ಕಣಕವನ್ನು ಪಿಸ್ಟನ್ನಿನ ಮೇಲಿಟ್ಟು, ಹೆಡ್ಡು ಬಿಗಿದು, ಗಾಲಿಯನ್ನು ಕೈಯಿಂದ ಎರಡು ಸುತ್ತು ತಿರುಗಿಸಬೇಕು. ಮತ್ತೆ ಬಿಚ್ಚಿದರೆ ವಾಲ್ವು ಒತ್ತಿದ ಗುರುತು ಕಣಕದಲ್ಲಿ ಬಿದ್ದಿರುತ್ತದೆ. ಅಲ್ಲಿ ಉಳಿದ ಕಣಕ ಹಳೆಯ ತಾಮ್ರದ ದುಡ್ಡಿಗಿಂತ ತೆಳ್ಳಗಿದ್ದರೆ ಹೆಡ್ಡಿನಡಿ ದಪ್ಪ ಪ್ಯಾಕಿಂಗ್ ಹಾಕಿ ಅದನ್ನು ಎತ್ತರಿಸಬೇಕು. ಈ ಸಲ ಹುಬ್ಬಳ್ಳಿಯಲ್ಲಿ ಹೆಡ್ಡಿನ ತಳ ಉಜ್ಜಿಸಿದ್ದರಿಂದ ವಾಲ್ವು ಇನ್ನಷ್ಟು ಕೆಳಗಿಳಿದಿತ್ತು.

"ಈ ಸಲ ನೋಡಿದ್ಯಾ?"

"ನೋಡೇನ್ರಿ."

ಹೊನ್ನವ್ವನ ಕೈ ಕಣಕದಲ್ಲೇ ನಿಂತಿತು.

ಶಂಕ್ರಪ್ಪ ಅವಳಿಂದ ಒಂದು ಉಂಡೆ ಇಸಿದುಕೊಂಡು, ಹೆಬ್ಬೆರಳಿನಿಂದ ಒತ್ತಿ, ಮಿಸ್ತ್ರಿಯ ಅಂಗೈಯಲ್ಲಿಟ್ಟ. ಅದರ ಪಕ್ಕ ಒಂದು ದುಡ್ಡು. "ತೆಳ್ಳಗೈತೋ, ದಪ್ಪೈತೋ?"

ಗುದ್ಲೆಪ್ಪ ಬೆರಳಿನಿಂದ ಸವರಿದ. ಮೆತ್ತನೆಯ ಕಣಕ ಬೆರಳಿನಡಿ ಇನ್ನಷ್ಟು ತಗ್ಗಿತು. ಮತ್ತೊಮ್ಮೆ ಸವರಿದ. ಹೊನ್ನವ್ವ ಎದ್ದು ಬಂದು ಅವನ ಅಂಗೈಯಿಂದ ಅದನ್ನೆತ್ತಿಕೊಂಡಳು. ದಾರದಿಂದ ಕೊಯ್ದಳು. ಕೊಯ್ದ ಅಂಚಿಗೆ ದುಡ್ಡನ್ನು ಹೊಂದಿಸಿ ಹಿಡಿದಳು.

"ಅದನ್ನ ನೋಡಾಕಿ ನಾನ್ರಿ," ಎಂದಳು. "ಅವ್ರ ಕಣ್ಣಿಗೆ ಪೊರಿ ಬಂದು ಮೂರ ವರ್ಷಾತು. ಬುತ್ತಿ ಒಯ್ಯೂ ನೆಪದಾಗ ಪ್ರತಿ ಸಲ ಹೋಗ್ತಿದ್ದೆ." ಆಮೇಲೆ ಗಂಡನ ಕಡೆ ತಿರುಗಿದಳು. "ನಾ ಬರೂ ಮಟಾ ಕಾಯಬೇಕಿತ್ತು."

"ಸಾವ್ಕಾರಗ ಅವಸರಿತ್ತು. ಏನಂತ ಹೇಳ್ಲಿ ಅವಗ?"

ನಟ್ಟು ತನ್ನ ಪೆಟ್ಟಿಗೆಯದೇ ಎಂದು ಅವನು ಒಪ್ಪಿಕೊಂಡ. ಫಕ್ಕೀರಪ್ಪನ ಹೆಸರನ್ನು ತಾನು ಹೇಳಿರಲಿಲ್ಲ, ಮಾಲೀಕ ಹೇಳಿದಾಗ ಅಲ್ಲವೆನ್ನಲು ಬಾಯಿ ಬರಲಿಲ್ಲ ಎಂದ. ೧೧-೪೦ಕ್ಕೆ, ಸುಳ್ಳು ಸಾಕ್ಷ್ಯ ಹುಟ್ಟಿಸಿದ ಆರೋಪದ ಮೇಲೆ ಬಂಧನವಾಯಿತು.

ಠಾಣೆಯಲ್ಲಿ ಫಕ್ಕೀರಪ್ಪನನ್ನು ಹೊರಗೆ ಬಿಟ್ಟರು. ಅವನು ಮನೆಗೆ ಹೋಗಲಿಲ್ಲ. ಮಿಸ್ತ್ರಿಯ ಎದುರು ಬಂದು ನಿಂತ.

"ನನಗರ ಹೇಳಬಾರದಾಗಿತ್ತೇನ್ರಿ? ನಾ ನೋಡ್ತಿದ್ದೆ."

ಗುದ್ಲೆಪ್ಪ ದನಿ ಬಂದ ಕಡೆ ಮುಖ ಮಾಡಿದ.

ಶಂಕ್ರಪ್ಪ ಮಿಸ್ತ್ರಿಯ ಜಬಾನಿ ಹೇಳಿಕೆ ಬರೆದು ಮುಗಿಸಿದ. ಕಾರಣವೆಂದು ಒಂದೇ ಸಾಲು: ಕಣ್ಣು ಮಂಜಾದದ್ದು ತಿಳಿದರೆ ಎಂಜಿನ್ ಮುಟ್ಟಲು ಇನ್ನು ಯಾರೂ ಕರೆಯುವುದಿಲ್ಲವೆಂಬ ಅಂಜಿಕೆ. ಸಹಿಗೆಂದು ಕಾಗದವನ್ನು ಮುಂದೆ ಸರಿಸಿದಾಗ ಮಿಸ್ತ್ರಿಯ ಲೇಖನಿ ಬರಿಯ ಮೇಜಿನ ಮೇಲೆ ತಡವರಿಸಿತು. ಠಾಣೆಗೆ ಹಿಂದೆಯೇ ಬಂದಿದ್ದ ಹೊನ್ನವ್ವ ಹತ್ತಿರ ಬಂದು, ಹಿಟ್ಟು ಒಣಗಿದ ಕೈಯಿಂದ ಅವನ ತೋರುಬೆರಳನ್ನು ಹಿಡಿದು ಸಾಲಿನ ತುದಿಗೆ ಇಟ್ಟಳು.

"ಇಲ್ಲಿಂದ್ರಿ," ಎಂದಳು.

ಅವನು ಬರೆದ. ಅಕ್ಷರಗಳು ನೆಟ್ಟಗೆ ಬಂದವು.